ಅವನಿಗೆ ಹೇಳಿ, ಸಾರ್

ನಮ್ಮೂರಿನ ಆ ಸಲೂನಿನಲ್ಲಿ ಎರಡು ಕುರ್ಚಿ, ಎರಡು ಕನ್ನಡಿ, ಇಬ್ಬರು ಅಣ್ಣತಮ್ಮಂದಿರು, ಒಂದು ಫ್ಯಾನು. ಎರಡಿದ್ದವುಗಳಿಂದ ಎಂದೂ ತೊಂದರೆಯಾಗಲಿಲ್ಲ. ಜಗಳ ಬಂದದ್ದು ಒಂದೇ ಇದ್ದದ್ದರಿಂದ. ಫ್ಯಾನ್ ಹಾಕಿದರೆ ಕತ್ತರಿಸಿದ ಕೂದಲು ಹಾರಿ ಗಿರಾಕಿಯ ಮೂಗು ಹೊಗುತ್ತದೆ ಎಂದು ಅಣ್ಣ. ಹಾಕದಿದ್ದರೆ ತನ್ನ ಬೆವರು ಗಿರಾಕಿಯ ನೆತ್ತಿಯ ಮೇಲೆ ತೊಟ್ಟಿಕ್ಕುತ್ತದೆ ಎಂದು ತಮ್ಮ. ಊರು ಇವರನ್ನು ದೊಡ್ಡ ಕತ್ತರಿ, ಚಿಕ್ಕ ಕತ್ತರಿ ಎಂದು ಕರೆಯುತ್ತಿತ್ತು. ಯಾವುದೋ ಬೇಸಿಗೆಯಲ್ಲಿ ಈ ಎರಡು ಕತ್ತರಿಗಳ ನಡುವೆ ಸಿಕ್ಕಿ ಮಾತುಕತೆ ತುಂಡಾಯಿತು. ಅಂಗಡಿ ಮಾತ್ರ ತುಂಡಾಗಲಿಲ್ಲ, ಮನೆಯೂ ಆಗಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಒಂದೇ ದಾರಿಯಲ್ಲಿ ನಡೆದು, ಒಂದೇ ಅಂಗಡಿಯಲ್ಲಿ ನಿಂತು, ಮಾತನ್ನು ಮಾತ್ರ ಕುರ್ಚಿಯಲ್ಲಿ ಕೂತ ಗಿರಾಕಿಯ ಕೈಲಿ ಕಳಿಸತೊಡಗಿದರು.

“ಸಾರ್, ಅವನಿಗೆ ಹೇಳಿ, ಪೌಡರ್ ಡಬ್ಬಿ ಖಾಲಿಯಾಗಿದೆ ಅಂತ.”

“ಸಾರ್, ಅವನಿಗೆ ಹೇಳಿ, ಖಾಲಿ ಮಾಡಿದವರೇ ತುಂಬಿಸಬೇಕು ಅಂತ.”

ಒಬ್ಬನ ಮೊಣಕೈ ಇನ್ನೊಬ್ಬನ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತು ಹೀಗೆ. ನಡುವೆ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಅಂಚೆ ಪೆಟ್ಟಿಗೆಯಂತೆ ನಾನು. ಕಾಲೇಜಿನ ದಿನಗಳಿಂದಲೂ ಪರರ ದನಿ ತೆಗೆಯುವ ಚಟ ನನಗೆ. ಹಾಗಾಗಿ ಅಣ್ಣನ ಮಾತನ್ನು ಅಣ್ಣನ ಗೊಗ್ಗರು ದನಿಯಲ್ಲೇ ತಮ್ಮನಿಗೆ, ತಮ್ಮನದನ್ನು ತಮ್ಮನ ಕೀರಲು ದನಿಯಲ್ಲೇ ಅಣ್ಣನಿಗೆ ತಲುಪಿಸುತ್ತಿದ್ದೆ. ಇಬ್ಬರಿಗೂ ನಗು ಬರುತ್ತಿತ್ತು. ಜೊತೆಯಾಗಿ ನಗುವುದೂ ಮಾತಾಡಿದ ಹಾಗೆಯೇ ಎಂದು ಇಬ್ಬರೂ ಬೇರೆ ಬೇರೆ ಕನ್ನಡಿಯಲ್ಲಿ ಮುಖ ಅಡಗಿಸುತ್ತಿದ್ದರು.

ಆ ದೊಡ್ಡ ಕತ್ತರಿ ಒಂದು ಬೆಳಗ್ಗೆ, ಅಂಗಡಿ ತೆರೆಯುವ ಮೊದಲೇ, ತನ್ನದೇ ಕುರ್ಚಿಯಲ್ಲಿ ಸತ್ತುಹೋದ.

ನಾನು ಖಾಸಗಿ ಪತ್ತೇದಾರ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ ನನ್ನ ಕಚೇರಿ. ಕೆಳಗಿನ ಶಾಖಕ್ಕೆ ಬಂದವರು ಹೆಚ್ಚು ಹೊತ್ತು ಕೂರಲಾರದೆ ಗುಟ್ಟನ್ನು ಬೇಗ ಬೇಗ ಹೇಳಿ ಇಳಿದುಹೋಗುತ್ತಾರೆ. ಮದುವೆಗೆ ಮೊದಲು ಹುಡುಗನ ವಿಚಾರಣೆ, ಮದುವೆಯಾದ ಮೇಲೆ ಗಂಡನ ವಿಚಾರಣೆ, ಇಷ್ಟೇ ನನ್ನ ಕಸುಬು. ಎಷ್ಟೋ ಸಲ ಎರಡರಲ್ಲೂ ಮನುಷ್ಯ ಒಬ್ಬನೇ ಆಗಿರುತ್ತಾನೆ. “ಊರವರದ್ದೆಲ್ಲ ಪತ್ತೆ ಮಾಡ್ತೀರ, ಮನೆ ಕೆಲಸ ಅಂದ್ರೆ ಮಾತ್ರ ನಾಪತ್ತೆ” ಎನ್ನುವುದು ನನ್ನ ಹೆಂಡತಿಯ ವರದಿ. ಸಾವಿನ ವಿಚಾರಣೆಗೆ ನನ್ನ ಮೆಟ್ಟಿಲು ಯಾರೂ ಹತ್ತಿರಲಿಲ್ಲ. ಮೊದಲು ಹತ್ತಿದವಳು ದೊಡ್ಡ ಕತ್ತರಿಯ ಮಗಳು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎದುರಿಗಿದ್ದವರ ಮೂಗಿನ ಮೇಲೆ ಕನ್ನಡಕ ಸೊಟ್ಟಗಿದ್ದರೆ ಅವಳಿಂದ ಸುಮ್ಮನೆ ಇರಲಾಗುವುದಿಲ್ಲ. ಅಳುತ್ತಲೇ ನನ್ನ ಕನ್ನಡಕ ತೆಗೆದುಕೊಂಡು, ಕಡ್ಡಿ ಬಗ್ಗಿಸಿ, ಸೆರಗಿನಲ್ಲಿ ಒರೆಸಿ ವಾಪಸ್ಸು ಹಾಕಿದಳು. ಆಮೇಲೆ ಹೇಳಿದಳು:

“ಮಾಮ, ನಮ್ಮ ಚಿಕ್ಕಪ್ಪ ಸುಳ್ಳು ಹೇಳ್ತಿದಾರೆ.”

“ಏನಂತ?”

“ಅವರು ಬರೋ ಹೊತ್ತಿಗೆ ಅಪ್ಪ ಹೋಗಿಬಿಟ್ಟಿದ್ರಂತೆ. ಒಬ್ರೇ ಕೂತು ಶೇವ್ ಮಾಡ್ಕೊಂಡು ಹಾಗೇ ಒರಗಿದ್ರಂತೆ. ಆದ್ರೆ ನಾನು ಓಡಿಹೋದಾಗ ಅಪ್ಪನ ಕುತ್ತಿಗೆಗೆ ಬಟ್ಟೆ ಕಟ್ಟಿತ್ತು, ಹಿಂದ್ಗಡೆ ಕ್ಲಿಪ್ಪು ಹಾಕಿತ್ತು. ಕೈ ಎರಡೂ ಬಟ್ಟೆ ಒಳಗೆ. ಕೈ ಒಳಗಿಟ್ಕೊಂಡು ಯಾರು ಮಾಮ ತಾವೇ ಶೇವ್ ಮಾಡ್ಕೊಳ್ತಾರೆ?”

ಪತ್ತೇದಾರ ಅನ್ನಿಸಿಕೊಳ್ಳಬೇಕಾದವಳು ಅವಳೇ, ನಾನಲ್ಲ ಎಂದುಕೊಂಡೆ.

“ಡಾಕ್ಟರ್ ಏನಂದ್ರು?”

“ಹೃದಯ ನಿಂತಿದೆ ಅಂತ ಬರೆದುಕೊಟ್ರು. ಬಲಗೆನ್ನೆ ಮೇಲೆ ಸಣ್ಣ ಗಾಯ ಇತ್ತು, ಒಂದು ತೊಟ್ಟು ರಕ್ತ ಬಂದಿರ್ಲಿಲ್ಲ. ಅದನ್ನ ನೋಡಿ ಅವರೂ ಒಂದು ಗಳಿಗೆ ನಿಂತ್ರು. ಪೊಲೀಸ್ರು ಬಂದು ನೋಡಿ ಹೋದ್ರು. ಊರವರು ಮಾತ್ರ ಹೋಗ್ತಾನೇ ಇಲ್ಲ ಮಾಮ. ವರ್ಷಗಟ್ಟಲೆ ಮಾತಿಲ್ಲದ ತಮ್ಮ, ಕೈಯಲ್ಲಿ ಕತ್ತಿ ಬೇರೆ ಅಂತಾರೆ.” ಅವಳು ಮೂಗು ಒರೆಸಿಕೊಂಡಳು. “ಸಂಜೆ ಚಿಕ್ಕಪ್ಪ ಬಂದು ಮನೆ ಮೆಟ್ಟಿಲ ಮೇಲೆ ಕೂತಿರ್ತಾರೆ. ಅವರು ಒಳಗೆ ಬರಲ್ಲ, ನಾನು ಕರೆಯಲ್ಲ. ರಾತ್ರಿ ಎದ್ದು ಅಂಗಡಿಗೇ ಹೋಗಿ ಮಲಗ್ತಾರೆ. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವರು ಅವರು. ಈಗ ನಾನೇನು ಮಾಡ್ಲಿ? ತಟ್ಟೆ ಇಡ್ಲಾ, ಬಾಗಿಲು ಹಾಕ್ಲಾ? ಅಷ್ಟು ಹೇಳಿ ಸಾಕು.”

ಕೆಳಗಿನಿಂದ ಇಸ್ತ್ರಿಯ ಬುಸ್ ಎನ್ನುವ ಸದ್ದು ಬಂತು. ನಾನು ಏನೂ ತಮಾಷೆ ಮಾಡಲಿಲ್ಲ. ಅದು ನನ್ನ ಪಾಲಿಗೆ ದೊಡ್ಡ ಸಂಯಮ.

ಮೊದಲು ಡಾಕ್ಟರ ಬಳಿಗೆ ಹೋದೆ. ಅವರ ಮಾತೆಲ್ಲ ಮೂಗಿನಿಂದಲೇ ಹೊರಡುತ್ತದೆ. ಬಾಯಿ ಇರುವುದು ಥರ್ಮಾಮೀಟರ್ ಇಡಲಿಕ್ಕೆ ಎಂದು ನಂಬಿದವರಂತೆ.

“ಹ್ಞೂಂ. ಎದೆಗೆ ಮಾತ್ರೆ ಕೊಟ್ಟಿದ್ದೆ ಅವನಿಗೆ. ಗಲ್ಲಾಪೆಟ್ಟಿಗೆಯಲ್ಲಿಟ್ಟು ಮರೀತಿದ್ದ. ಒಂದೇ ಸಲಕ್ಕೆ ನಿಂತುಹೋಗಿದೆ. ಮುಖದಲ್ಲಿ ನೋವಿಲ್ಲ, ಬಟ್ಟೆಯೊಳಗೆ ಕೈ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಪಕ್ಕದ ಕುರ್ಚಿಯಲ್ಲಿ ನಾನೇ ಕೂತಿದ್ದರೂ ಸರ್ಟಿಫಿಕೇಟ್ ಸ್ವಲ್ಪ ಬೇಗ ಬರೀತಿದ್ದೆ, ಅಷ್ಟೇ.”

“ಮತ್ತೆ ಆ ಗಾಯ?”

“ಅದೇ ನೋಡಿ. ರಕ್ತ ಬಂದಿಲ್ಲ ಅಂದ್ರೆ ಎದೆ ನಿಂತ ಮೇಲೆ ಆದ ಗಾಯ. ಕೊಂದದ್ದಲ್ಲ. ಆದ್ರೆ ಯಾರೋ ಸತ್ತವನಿಗೆ ಶೇವ್ ಮಾಡಿದಾರೆ. ಯಾಕೆ ಅನ್ನೋದು ನನ್ನ ಡಿಪಾರ್ಟ್‌ಮೆಂಟಲ್ಲ, ನಿಮ್ಮದು.”

ಕೊಲೆಯಿಲ್ಲ ಎಂದು ತಿಳಿದು ಹಗುರವಾಗಬೇಕಿತ್ತು. ಆಗಲಿಲ್ಲ. ‘ನಿಮ್ಮಪ್ಪನ್ನ ಯಾರೂ ಕೊಂದಿಲ್ಲಮ್ಮ, ಆದರೆ ನಿಮ್ಮ ಚಿಕ್ಕಪ್ಪ ಹೆಣಕ್ಕೆ ಕತ್ತಿ ಇಟ್ಟು ಸುಳ್ಳು ಹೇಳ್ತಿದಾರೆ’ ಎಂದು ಆ ಹುಡುಗಿಗೆ ಹೇಗೆ ಹೇಳುವುದು? ಅಷ್ಟು ಕೇಳಿ ಯಾರು ತಟ್ಟೆ ಇಟ್ಟಾರು?

ಸಲೂನಿಗೆ ಹೋದೆ. ಗಿರಾಕಿಗಳೆಲ್ಲ ಸೇತುವೆಯಾಚೆಯ ಹೊಸ ಅಂಗಡಿಗೆ ವಲಸೆ ಹೋಗಿದ್ದರು. ಚಿಕ್ಕ ಕತ್ತರಿ ಒಬ್ಬನೇ ನಿಂತು, ಗಿರಾಕಿಯಿಲ್ಲದ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದ. ಕಿಟಕಿಯಿಂದ ಬಿಸಿಲು ನೇರ ಅವನ ಬೆನ್ನಿಗೆ ಬಿದ್ದು ಅಂಗಿ ಒದ್ದೆಯಾಗಿತ್ತು. ಫ್ಯಾನ್ ನಿಂತಿತ್ತು. ಬೇಡ ಎನ್ನುವವನು ಈಗ ಇಲ್ಲ. ಆದರೂ ನಿಂತಿತ್ತು. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

“ಶೇವ್ ಮಾಡಪ್ಪ” ಎಂದು ದೊಡ್ಡ ಕತ್ತರಿಯ ಕುರ್ಚಿಯಲ್ಲೇ ಕೂತೆ. ಅವನು ಇನ್ನೊಂದು ಕುರ್ಚಿಯ ಕಡೆ ನೋಡಿದ. ಬಟ್ಟೆ ಹೊದಿಸಿ ಹಿಂದೆ ಕ್ಲಿಪ್ಪು ಹಾಕಿದ. ಭುಜದ ಮೇಲೆ ನೊರೆ ಒರೆಸಲು ಪೇಪರಿನ ಚೂರು ಇಟ್ಟ. ಬ್ರಷ್ಷು ಗಲ್ಲದ ಮೇಲೆ ಸುತ್ತತೊಡಗಿತು. ಬ್ಲೇಡು ಕೀಳುತ್ತಿದೆಯಾ, ನೀರು ಬಿಸಿಯಾಯಿತಾ, ಏನೊಂದನ್ನೂ ಕೇಳಲಿಲ್ಲ. ಕತ್ತಿ ಎಡಗೆನ್ನೆಯ ಮೇಲೆ ಚರ್ರೆಂದು ಇಳಿಯಿತು. ಕೊಲೆಗಾರನಲ್ಲ ಎಂದು ಡಾಕ್ಟರು ಹೇಳಿದ್ದರೂ ಕತ್ತಿ ಗಂಟಲಿಗೆ ಬಂದಾಗ ಡಾಕ್ಟರಿಗೂ ತಪ್ಪಾಗಬಹುದಲ್ಲವೇ ಎಂಬ ಯೋಚನೆ ಬಂತು.

ಆಗ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದೆ.

ದೊಡ್ಡ ಕತ್ತರಿ ಮಧ್ಯಾಹ್ನ ಇದೇ ಕುರ್ಚಿಯಲ್ಲಿ ಕಣ್ಣು ಮುಚ್ಚುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೆ. ತಲೆ ಎಡಕ್ಕೆ ವಾಲುತ್ತಿತ್ತು, ತುಟಿ ಅರ್ಧ ತೆರೆಯುತ್ತಿತ್ತು, ಮೂಗಿನಿಂದ ಎಳೆಯಷ್ಟು ಸಣ್ಣ ಸಿಳ್ಳೆ ಬರುತ್ತಿತ್ತು, ದೂರದಲ್ಲೆಲ್ಲೋ ಹಾಲು ಕಾಯುತ್ತಿರುವ ಹಾಗೆ. ನಾನು ಕಣ್ಣು ಮುಚ್ಚಿದೆ, ತಲೆ ವಾಲಿಸಿದೆ, ಸಿಳ್ಳೆ ಹಾಕಿದೆ. ಕತ್ತಿ ನಿಂತಿತು. ಆಮೇಲೆ ಬಹಳ ಮೆಲ್ಲಗೆ ಬಲಗೆನ್ನೆಗೆ ಬಂತು.

ನಾನು ಸಿಳ್ಳೆ ನಿಲ್ಲಿಸಿದೆ.

ಕತ್ತಿ ನೆಲಕ್ಕೆ ಬಿದ್ದ ಸದ್ದಾಯಿತು. ಎರಡು ಕೈ ನನ್ನ ಭುಜ ಹಿಡಿದು ಮಾವಿನ ಕೊಂಬೆಯಂತೆ ಅಲ್ಲಾಡಿಸತೊಡಗಿದವು.

“ಸಾರ್! ಸಾರ್, ಮಾತಾಡಿ! ಏನಾದ್ರೂ ಮಾತಾಡಿ ಸಾರ್! ಬೈರಿ ಬೇಕಾದ್ರೆ!”

ಕಣ್ಣು ತೆರೆದೆ. ಚಿಕ್ಕ ಕತ್ತರಿ ನನ್ನ ಕಾಲ ಬಳಿ, ಕೂದಲ ಚೂರುಗಳ ನಡುವೆ ಕುಸಿದು ಕೂತಿದ್ದ. ಅಷ್ಟು ವರ್ಷದ ಮಿಮಿಕ್ರಿಯಲ್ಲಿ ಚಪ್ಪಾಳೆ ಬೇಡವೆನಿಸಿದ್ದು ಅದೊಂದೇ ಸಲ. ನಾನೂ ಅರ್ಧ ನೊರೆಯ ಮುಖದಲ್ಲೇ ಇಳಿದು ಅವನ ಪಕ್ಕ ನೆಲದ ಮೇಲೆ ಕೂತೆ.

“ತಪ್ಪಾಯ್ತಪ್ಪ. ಹೇಳು, ಏನಾಯ್ತು ಅವತ್ತು?”

“ದಿನಾ ಮಾಡ್ತಿದ್ವಿ ಸಾರ್” ಎಂದ. “ಷಟರ್ ಅರ್ಧ ಎಳ್ಕೊಂಡು. ಮೊದ್ಲು ನಾನು ಅವನಿಗೆ, ಆಮೇಲೆ ಅವನು ನನಗೆ. ಬೇರೆಯವರ ಕೈಗೆ ಅಣ್ಣನ ಮುಖ ಕೊಡೋಕಾಗುತ್ತಾ? ಮಾತು ಬಿಟ್ಟಿದ್ವಿ, ಮುಖ ಬಿಟ್ಟಿರ್ಲಿಲ್ಲ.”

“ಗಿರಾಕಿ ಇರಲ್ವಲ್ಲ ಆ ಹೊತ್ತಿಗೆ. ಮಾತು?”

“ಮಾತಿಲ್ಲ. ಭುಜ ತಟ್ಟಿದ್ರೆ ಏಳು ಅಂತ, ಅಷ್ಟೇ. ಅವತ್ತೂ ಕಣ್ಣು ಮುಚ್ಚಿದ. ಸಿಳ್ಳೆ ಬರ್ತಿತ್ತು. ಎಡಗಡೆ ಮುಗೀತು. ಸೆಕೆ ಅಂತ ಹೋಗಿ ಫ್ಯಾನ್ ಹಾಕಿ ಬಂದೆ. ಸಿಳ್ಳೆ ನಿಂತಿತ್ತು. ಫ್ಯಾನಿಗೆ ಸಿಟ್ಟು ಬಂದು ಎಚ್ಚರಾಗಿದಾನೆ ಅಂದ್ಕೊಂಡೆ. ಬಲಗಡೆ ಮಾಡಿದೆ. ಸುಮ್ಮನಿದ್ದ. ಅವನು ಸುಮ್ಮನಿರೋದು ಹೊಸದಾ ಸಾರ್? ಕತ್ತಿ ಸ್ವಲ್ಪ ತಾಗಿತು. ಆಗಲೂ ಸುಮ್ಮನಿದ್ದ. ನನ್ನ ಕೈಯಿಂದ ಯಾರಿಗೂ ಗಾಯ ಆಗಿಲ್ಲ, ಗಿರಾಕಿ ಬರ್ಲಿ, ಹೇಳಿಕಳಿಸಿ ಮಾನ ಕಳೀತಾನೆ ಅಂದ್ಕೊಂಡೆ. ಪೌಡರ್ ಹಾಕಿದೆ. ಭುಜ ತಟ್ಟಿದೆ. ಏಳಲಿಲ್ಲ. ಇನ್ನೊಂದು ಸಲ ತಟ್ಟಿದೆ.”

ಅವನು ತನ್ನ ಅಂಗೈ ನೋಡಿಕೊಂಡ.

“ಪೂರ್ತಿ ಒಂದು ಕೆನ್ನೆ ಸಾರ್. ಅಣ್ಣ ಸತ್ತಿದ್ದು ಗೊತ್ತಾಗದೆ ಒಂದು ಕೆನ್ನೆ ಶೇವ್ ಮಾಡಿದೆ. ‘ಉರಿಯುತ್ತಾ ಅಣ್ಣ’ ಅಂತ ಒಂದು ಮಾತು ಕೇಳಿದ್ರೆ ತಿಳೀತಿತ್ತು. ಕೇಳಿದ್ರೆ ಬದುಕ್ತಿದ್ದ. ಇದನ್ನ ಹೋಗಿ ಮಗಳ ಹತ್ರ ಹೇಳ್ಲಾ? ಅದಕ್ಕೇ ನಾನು ಬರೋಷ್ಟರಲ್ಲಿ ಹೋಗಿಬಿಟ್ಟಿದ್ದ ಅಂದೆ.”

ಇಂಥ ತಪ್ಪನ್ನು ಲೋಕದಲ್ಲಿ ಬೇರೆ ಯಾರು ಮಾಡಬಲ್ಲರು? ಬೇರೆ ಅಣ್ಣತಮ್ಮಂದಿರಾಗಿದ್ದರೆ ಮೌನಕ್ಕೆ ಗಾಬರಿಯಾಗುತ್ತಿದ್ದರು. ಇವರಿಗೆ ಮೌನವೇ ಮಾಮೂಲು. ನನಗೆ ಸಮಾಧಾನದ ಮಾತು ಬರುವುದಿಲ್ಲ, ನನ್ನದೇ ದನಿಯಲ್ಲಂತೂ ಇಲ್ಲವೇ ಇಲ್ಲ. ಹಾಗಾಗಿ ಮೂಗು ಬಿಗಿಹಿಡಿದು ಡಾಕ್ಟರ ದನಿಯಲ್ಲಿ ಹೇಳಿದೆ:

“ಹ್ಞೂಂ. ಒಂದೇ ಸಲಕ್ಕೆ ನಿಂತುಹೋಗಿದೆ. ಪಕ್ಕದ ಕುರ್ಚಿಯಲ್ಲಿ ನಾನೇ ಕೂತಿದ್ದರೂ ಸರ್ಟಿಫಿಕೇಟ್ ಸ್ವಲ್ಪ ಬೇಗ ಬರೀತಿದ್ದೆ, ಅಷ್ಟೇ.”

ಅವನು ತಲೆಯೆತ್ತಿದ. “ಡಾಕ್ಟ್ರು ಹಾಗಂದ್ರಾ? ನಿಜವಾಗ್ಲೂ?”

“ದನಿ ಮಾತ್ರ ಕದ್ದಿದ್ದು. ಮಾತು ಅವರದ್ದೇ.”

ಅವನು ನಗಲು ಹೋಗಿ ಅತ್ತುಬಿಟ್ಟ. ಆಮೇಲೆ ಎದ್ದು, ಬೇರೆ ಬ್ಲೇಡು ಹಾಕಿ, ನನ್ನ ಬಲಗೆನ್ನೆ ಮುಗಿಸಿದ. ಅರ್ಧ ಮಾಡಿ ಯಾರನ್ನೂ ಕುರ್ಚಿಯಿಂದ ಎಬ್ಬಿಸುವ ಅಂಗಡಿಯಲ್ಲ ಅದು.

ಮರುದಿನ ಹುಡುಗಿಗೆ ಹೇಳಿಕಳಿಸಿದೆ: ‘ಪತ್ತೆಯಾಗಿದೆ. ವರದಿ ಸಲೂನಿನಲ್ಲಿ ಸಿಗುತ್ತದೆ.’ ನುಣ್ಣಗಿದ್ದ ಮುಖವನ್ನು ಮತ್ತೆ ಶೇವ್‌ಗೆ ಒಡ್ಡಿ ಕೂತಿದ್ದೆ. ಅವಳು ಬಂದು ಬಾಗಿಲಲ್ಲೇ, ಬಿಸಿಲಿನಲ್ಲೇ ನಿಂತಳು. ಚಿಕ್ಕಪ್ಪನ ಕಡೆ ನೋಡಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿದಳು.

“ಮಾಮ, ಅವರಿಗೆ ಹೇಳಿ, ನನಗೆ ನಿಜ ಬೇಕು ಅಂತ. ಎಂಥದ್ದಾದ್ರೂ ಪರವಾಗಿಲ್ಲ ಅಂತ.”

ಅಯ್ಯೋ, ಈ ಮನೆಯ ರೋಗ ಮುಂದಿನ ತಲೆಮಾರಿಗೂ ಅಂಟಿತಲ್ಲಾ ಎಂದುಕೊಂಡು, ಅವಳದೇ ದನಿಯಲ್ಲಿ ತಲುಪಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬ್ರಷ್ಷು ಬಂತು. ಮೊದಲು ಮೇಲ್ದುಟಿ, ಆಮೇಲೆ ಕೆಳದುಟಿ, ಆಮೇಲೆ ಎರಡೂ ಸೇರಿಸಿ ಇನ್ನೊಂದು ಸುತ್ತು. ಮೂಗಿನ ಕೆಳಗೆ ನನಗೆ ಬಾಯಿಯೇ ಇಲ್ಲದಂತಾಯಿತು. ಅಂಚೆ ಪೆಟ್ಟಿಗೆಗೆ ಬೀಗ ಬಿತ್ತು.

ಚಿಕ್ಕ ಕತ್ತರಿ ಬ್ರಷ್ಷನ್ನು ಕೆಳಗಿಟ್ಟು ತಿರುಗಿ ನಿಂತ.

“ಬಿಸಿಲಲ್ಲಿ ಯಾಕೆ ನಿಂತಿದೀಯ ಮಗಳೇ? ಒಳಗೆ ಬಾ. ನಾನೇ ಹೇಳ್ತೀನಿ.”

ಹೇಳಿದ. ಒಂದನ್ನೂ ಬಿಡದೆ, ಸಿಳ್ಳೆ, ಫ್ಯಾನು, ಬಲಗೆನ್ನೆ, ಎರಡು ಸಲ ತಟ್ಟಿದ ಭುಜ, ಎಲ್ಲ. ನೊರೆ ನನ್ನ ಮುಖದ ಮೇಲೆ ಒಣಗಿ ಬಿರಿಯತೊಡಗಿತು. ಹುಡುಗಿ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದಳು. ಕೇಳಿ ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದಳು. ಆ ಅಂಗಡಿಯಲ್ಲಿ ಸುಮ್ಮನಿರುವುದಕ್ಕೆ ಏನರ್ಥವೆಂದು ಯಾರಿಗೂ ಧೈರ್ಯವಾಗಿ ಹೇಳಲಾಗದು. ಅವನ ಹಣೆಯಿಂದ ಬೆವರು ಇಳಿಯುತ್ತಿದ್ದುದು ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

“ಅಪ್ಪನ ಮುಖ ಅವತ್ತು ಎಷ್ಟು ಚೆನ್ನಾಗಿತ್ತು ಚಿಕ್ಕಪ್ಪ” ಎಂದಳು ಕೊನೆಗೆ. “ಪೌಡರ್ ವಾಸನೆ ಬರ್ತಿತ್ತು. ಯಾರು ಮಾಡಿದ್ದು ಅಂತಾನೇ ಯೋಚನೆ ಮಾಡ್ತಿದ್ದೆ.” ಕಣ್ಣೊರೆಸಿಕೊಂಡು ಎದ್ದಳು. “ಎಷ್ಟು ಬೆವರ್ತಿದೀರ. ಫ್ಯಾನ್ ಹಾಕ್ಲಾ?”

“ಬೇಡಮ್ಮ. ಕೂದಲು ಹಾರುತ್ತೆ ಅಂತಾನೆ ಅವನು.”

“ಸಂಜೆ ಮೆಟ್ಟಿಲ ಮೇಲೆ ಕೂತ್ಕೋಬೇಡಿ. ತಟ್ಟೆ ಇಟ್ಟಿರ್ತೀನಿ. ಉಪ್ಪು ಕಡಿಮೆ ಇದ್ರೆ ನೀವೇ ಹೇಳ್ಬೇಕು ಮತ್ತೆ, ಹೇಳಿಕಳಿಸೋ ಹಾಗಿಲ್ಲ.”

ಅವಳು ಹೊರಟುಹೋದ ಮೇಲೆ ಚಿಕ್ಕ ಕತ್ತರಿ ಒಣಗಿದ ನೊರೆಗೆ ನೀರು ಹಚ್ಚಿ, ಕತ್ತಿ ತೆಗೆದುಕೊಂಡ. ಒಂದು ಸಲ ಎಳೆದು ನಿಲ್ಲಿಸಿದ.

“ಉರಿಯುತ್ತಾ ಸಾರ್?”

ತಲೆ ಅಲ್ಲಾಡಿಸಿದೆ. ಕತ್ತಿ ಗಾಳಿಯಲ್ಲೇ ನಿಂತಿತ್ತು. ತಲೆ ಅಲ್ಲಾಡಿಸಿದ್ದು ಸಾಲದು, ಬಾಯಿಬಿಟ್ಟು ಹೇಳಬೇಕು ಎಂದು ಅರ್ಥವಾಯಿತು.

“ಇಲ್ಲಪ್ಪ” ಎಂದೆ, ಬಾಯ್ತುಂಬ ನೊರೆ ನುಂಗುತ್ತಾ.

ಇನ್ನೊಂದು ಸಲ ಎಳೆದ.

“ಇದೀರಾ ಸಾರ್?”

“ಇದೀನಪ್ಪ, ಇದೀನಿ.”

ಈಗ ಆ ಸಲೂನಿನಲ್ಲಿ ಒಂದು ಶೇವ್‌ಗೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ. ಸೇತುವೆಯಾಚೆಗೆ ಹೋಗಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸ್ಸು ಬಂದಿದ್ದಾರೆ. ನಡುವೆ ಸಣ್ಣ ನಿದ್ದೆ ತೆಗೆಯಲು ಬಿಡುವುದಿಲ್ಲ ಎಂದು ಗೊಣಗುತ್ತಾರೆ, ಆದರೂ ಬರುತ್ತಾರೆ.