ಚೆಂಡು ಪುಟಿಯದ ಅಂಗಳ

ವಾಡಿ ಜಂಕ್ಷನ್ನಿನಲ್ಲಿ ಶ್ರೀವಿದ್ಯಾ ಮೇಡಂ ರೈಲಿನಿಂದ ಇಳಿದ ಕೂಡಲೇ ನಾನು ಮೂಗು ಹಿಡಿದುಕೊಂಡು, ಸ್ಟೇಷನ್ನಿನ ಮೈಕಿನ ಹೆಣ್ಣುದನಿಯಲ್ಲಿ ಸಾರಿದೆ: "ಪ್ರಯಾಣಿಕರ ಗಮನಕ್ಕೆ. ದೇಶವೆಲ್ಲ ಆಡಿ ಶಹಾಬಾದಿಗೆ ಹೊರಟ ಹಾಕಿ ಆಟಗಾರ್ತಿಯವರು ಭಾರೀ ವಿಳಂಬದ ನಂತರ ಆಗಮಿಸಿರುತ್ತಾರೆ."

ಅವರು ತಲೆಯೆತ್ತಿ ಮೈಕು ನೋಡಿದರು. ಆಮೇಲೆ ನನ್ನನ್ನು ನೋಡಿ ನಕ್ಕರು. ತಂಗಿ ಸರಿತಾ ನನ್ನ ಕಾಲು ತುಳಿದಳು.

ತುಳಿಯಲಿಕ್ಕೆ ಕಾರಣವಿತ್ತು. ಸರಿತಾ ಶಹಾಬಾದಿನ ಹುಡುಗಿಯರ ಹಾಕಿ ತಂಡದ ಕ್ಯಾಪ್ಟನ್. ಇಷ್ಟು ದಿನ ಇವರೆಲ್ಲ ಮೊಬೈಲಿನ ವಿಡಿಯೋ ನೋಡಿ ಆಟ ಕಲಿತವರು. ನಮ್ಮೂರಿನ ತುಂಬ ಕಲ್ಲಿದೆ, ಕಲಿಸುವವರಿಲ್ಲ. ಈ ಸಲವೂ ಕೋಚ್ ಬರದಿದ್ದರೆ ಆಟ ಬಂದ್ ಎಂದು ಅರ್ಧ ಹುಡುಗಿಯರ ಮನೆಯಲ್ಲಿ ಹೇಳಿಬಿಟ್ಟಿದ್ದರು. ಇತ್ತ ಶ್ರೀವಿದ್ಯಾ ಲೀಗ್ ಆಟ ಮುಗಿಸಿ, ಯಾವುದಾದರೊಂದು ಊರಲ್ಲಿ ನೆಲೆನಿಂತು ಕಲಿಸಬೇಕೆಂದು ಹುಡುಕುತ್ತಿದ್ದರು. ಪುಣೆಯ ಕ್ಲಬ್ಬೊಂದು ಕರೆದಿತ್ತು. ಸರಿತಾ ಫೋನಿನಲ್ಲಿ ಗೋಗರೆದ ಮೇಲೆ, "ಒಂದಿನ ಬಂದು ನೋಡ್ತೀನಿ, ಸಂಜಿ ಗಾಡಿಗೆ ಹೋಗ್ತೀನಿ" ಎಂದಿದ್ದರು. ಆ ಸಂಜೆಯೊಳಗೆ ಅವರನ್ನು ಒಪ್ಪಿಸಿದರಷ್ಟೇ ಸರಿತಾಳ ತಂಡ ಉಳಿಯುತ್ತಿತ್ತು.

ಮೇಡಂ ಇಲ್ಲೇ ಹತ್ತಿರದ ಸೇಡಮ್ಮಿನವರೇ. ಸಣ್ಣವರಿದ್ದಾಗಲೇ ಕ್ರೀಡಾ ಹಾಸ್ಟೆಲಿಗೆ ಹೋದವರು. ಜೀಪು ಹತ್ತುತ್ತಲೇ ಅವರಿಗೆ ಊರಿನ ಮಾತು ಮರಳಿ ಬಂತು.

"ಪುಣೆದಾಗ ಟರ್ಫ್ ಅದ, ಜಿಮ್ ಅದ, ಗಾಯ ಆದ್ರ ಡಾಕ್ಟರ್ ಅದಾರ. ನಿಮ್ಮೂರಾಗ ಏನದ ಹೇಳ್ರಿ?"

ನಾನು ಪುಢಾರಿಯ ಗಂಟಲು ತೆಗೆದೆ. "ಬಂಧುಗಳೇ, ನಮ್ಮೂರಾಗ ಬಿಸಲದ! ಧೂಳದ! ಮತ್ತ... ಬಿಸಲದ!"

"ಅಣ್ಣಾ, ಒಮ್ಮೆ ಶ್ಯಾಣ್ಯಾನ ಮಿಮಿಕ್ರಿ ಮಾಡು" ಅಂದಳು ಸರಿತಾ. "ಸುಮ್ಮ ಕುಂತರ ಸಾಕು, ಹಂಗೇ ಕಾಣ್ತಿ."

ಸುಮ್ಮನೆ ಕುಂತೆ. ಮೈದಾನ ಬರುವ ತನಕ.

ಮೈದಾನ ಹೇಗಿರಬೇಕೆಂದು ಸರಿತಾ ಫೋನಿನಲ್ಲಿ ಕೇಳಿದಾಗ ಮೇಡಂ ಹೇಳಿದ್ದರಂತೆ: ಸಪಾಟಿರಬೇಕು, ಚೆಂಡು ಪುಟಿಯಬಾರದು, ಆಟಕ್ಕೆ ಮುಂಚೆ ನೀರು ಹೊಡೆಯಬೇಕು. ಬೇರೆ ಊರಿನವರಾದರೆ ಇನ್ನೊಂದು ಮಾತು ಕೇಳುತ್ತಿದ್ದರು. ಶಹಾಬಾದಿನವರಿಗೆ ಕೇಳುವುದೇನು ಉಳಿದಿತ್ತು? ಸಪಾಟು, ನುಣುಪು, ನೀರು ಎಂದರೆ ನಮಗೆ ತೋಚುವುದು ಒಂದೇ, ನೆಲಕ್ಕೆ ಹಾಸುವ ಫರಸಿ. ಕಲ್ಲಿನ ಪಾಲಿಶ್ ಯಾರ್ಡಿನ ಗುಲಾಮ್ ರಸೂಲ್ ಚಾಚಾ ಮುಂದೆ ನಿಂತು, ಗೋಲಿನ ಮುಂದಿನ ಅರ್ಧಚಂದ್ರದ ಜಾಗಕ್ಕೆಲ್ಲ ಫರಸಿಕಲ್ಲು ಹಾಸಿಸಿಬಿಟ್ಟಿದ್ದರು.

ಒಣಗಿದ್ದಾಗ ನಾನು ಅದನ್ನು ನೋಡಿದ್ದೆ. ನೋಡಿ, ದೊಡ್ಡ ಮದುವೆಮನೆಯ ಬಚ್ಚಲು ಎಂದು ನಗಾಡಿದ್ದೆ. ಈಗ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ಬೂದು ಕಲ್ಲು ನೀಲಿಯಾಗಿತ್ತು. ಕೆಲವು ಹಸಿರು, ಕೆಲವು ಹಳದಿ ಝಳಕು. ಆಕಾಶ ಬಂದು ಗೋಲ್‌ಪೋಸ್ಟಿನ ಮುಂದೆ ಮೈಚಾಚಿ ಮಲಗಿತ್ತು. ಒಂದು ಕೊಕ್ಕರೆ ಮೋಡದೊಳಗೆ ಕಾಲಿಟ್ಟು ನಡೆಯುತ್ತಿತ್ತು. ಹುಟ್ಟಿದಾಗಿನಿಂದ ತುಳಿದ ಕಲ್ಲು ಇದೇನಾ ಎನ್ನಿಸಿತು.

ಮೇಡಂ ಬಗ್ಗಿ ಒದ್ದೆ ಕಲ್ಲಿನ ಮೇಲೆ ಅಂಗೈಯಾಡಿಸಿದರು.

"ಚಂದ ಅದ" ಅಂದರು. "ಆದ್ರ ಇದರ ಮ್ಯಾಲ ಓಡಿದ್ರ ತಲಿ ಒಡೀತದ."

ಸರಿತಾಳ ಮುಖ ಇಳಿಯಿತು. ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನೀವೇ ಹೇಳೀರಲ್ಲ ಮೇಡಂ, ಸಪಾಟು, ನೀರು. ಫರಸಿ ಬಿಟ್ರ ದುನಿಯಾದಾಗ ಇನ್ನೇನದ?"

"ನಾ ಹೇಳಿದ್ದು ಟರ್ಫ್, ಚಾಚಾ. ಹುಲ್ಲಿನಂಗ ನೇದ ಜಮಖಾನಿ ಇದ್ದಂಗ."

"ಜಮಖಾನಿ ಮ್ಯಾಲ ಆಡ್ತಾರಾ?" ಚಾಚಾ ಮರುಕದಿಂದ ಕೇಳಿದರು. "ಪಾಪ."

ಇನ್ನು ಚಹಾ ಕುಡಿಸಿ ಕಳಿಸುವುದಷ್ಟೇ ಉಳಿಯಿತು. ಮೈದಾನದ ಮಗ್ಗುಲಿಗೇ ಭೀಮಬಾಯಿ ಆಯಿಯ ಮನೆ. ಅಂಗಳಕ್ಕೆ ಕಾಲಿಟ್ಟ ಮೇಡಂ ಅವರ ಬೂಟು ಮಣ್ಣಲ್ಲಿ ಹುಗಿಯಿತು. ನೆಲದಲ್ಲಿ ಚೌಕ ಚೌಕ ಗುರುತು ಮಾತ್ರ ಉಳಿದಿತ್ತು.

"ಆಯಿ, ಹೊಸ ಫರಸಿ ಹಾಕಸಲಿಕತ್ತೀರೇನು?" ಮೇಡಂ ಕೇಳಿದರು.

"ಇಲ್ಲವ್ವ. ಇಲ್ಲಿದ್ದದ್ದು ಅಲ್ಲದ." ಆಯಿ ಗದ್ದದಿಂದಲೇ ಮೈದಾನ ತೋರಿಸಿದಳು. "ಗೋಲಿನ ಎಡಕ್ಕ. ಒಂದರ ಮೂಲಿ ಒಡದದ ನೋಡು. ನನ್ನ ಮಗ ಸಣ್ಣಾವಿದ್ದಾಗ ಒಳಕಲ್ಲು ಉರುಳಿಸಿ ಒಡದಿದ್ದ."

"ಯಾಕ ಕೊಟ್ರಿ?"

"ಯಾರ್ಡಿನ ಕಲ್ಲು ಸಾಲಲಿಲ್ಲಂತ. ಊರಿಗಿ ಒಬ್ಬಾಕಿ ಬರ್ತಾಳಂದ್ರ ನೆಲ ನೆಟ್ಟಗ ಇರಬೇಕಿಲ್ಲೇನು? ನನಗ ಮಣ್ಣಾದ್ರೂ ನಡೀತದ. ಸಗಣಿ ಹಾಕಿ ಸಾರಸ್ತೀನಿ. ಚಾ ಕುಡಿ, ಆರ್ತದ."

ಮೇಡಂ ಕುಡಿಯಲಿಲ್ಲ. ಬೀದಿಯುದ್ದಕ್ಕೂ ನೋಡಿದರು. ಪಕ್ಕದ ಅಂಗಳವೂ ಮಣ್ಣು. ಎದುರಿನದೂ ಮಣ್ಣು. ತಿರುವಿನ ತನಕ ಹಾಗೇ. ಅದೇ ಬೀದಿಯಲ್ಲಿ ದಿನಾ ಓಡಾಡುವ ನಾನು ಈ ಲೆಕ್ಕವನ್ನೇ ಹಿಡಿದಿರಲಿಲ್ಲ. ಆಯಿಯ ದನಿಯನ್ನು ನಾನು ಎಷ್ಟೋ ಮದುವೆಯಲ್ಲಿ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು. ಆ ಹೊತ್ತಿಗೆ ಮಾಡು ಎಂದಿದ್ದರೆ ಆಗುತ್ತಿರಲಿಲ್ಲ.

ಶ್ರೀವಿದ್ಯಾ ಎದ್ದು ಮೈದಾನಕ್ಕೆ ಹೋದರು. ಬೂಟು ಬಿಚ್ಚಿದರು. ಬರಿಗಾಲಲ್ಲಿ ಹುಷಾರಾಗಿ ನಡೆದು, ಮೂಲೆಯೊಡೆದ ಕಲ್ಲು ಹುಡುಕಿ ಅದರ ಮೇಲೆ ನಿಂತರು. ಸರಿತಾಳ ಸ್ಟಿಕ್ ಇಸಿದುಕೊಂಡು, ಅವಳಿಗೆ ಇನ್ನೊಂದು ಕೊಡಿಸಿ ಗೋಲಿನ ಮುಂದೆ ನಿಲ್ಲಿಸಿದರು.

"ಓಡಬ್ಯಾಡ. ನಿಂತಲ್ಲೇ ಹಿಡಿ."

ಬೀಸಿದರು. ಚೆಂಡು ನೆಲ ಬಿಡಲಿಲ್ಲ. ಆಕಾಶವನ್ನು ಸೀಳಿಕೊಂಡು ನೀರಿನ ಗೆರೆ ಎಳೆಯುತ್ತ ಬಂತು. ಸರಿತಾ ಕಣ್ಣು ಮಿಟುಕಿಸುವುದರೊಳಗೆ ಹಿಂದಿನ ಬಲೆ ಅಲುಗಿತು. ಬೇಲಿಯಾಚೆ ಬಂದು ನೆರೆದಿದ್ದ ಊರಿನವರು ಕತ್ತು ಚಾಚಿದರು. ಮತ್ತೆ ಬೀಸಿದರು. ಹೋಯಿತು. ಮತ್ತೆ. ಹೋಯಿತು. ಸರಿತಾ ತುಟಿ ಕಚ್ಚಿ ಇನ್ನಷ್ಟು ಬಾಗಿದಳು.

ಟಕ್.

ಚೆಂಡು ಅವಳ ಸ್ಟಿಕ್ಕಿನ ಬುಡದಲ್ಲಿ ಬೆಕ್ಕಿನಂತೆ ಕುಂತಿತ್ತು.

"ಟರ್ಫಿನ ಮ್ಯಾಲೂ ಹಿಂಗೇ ಬರ್ತದ" ಅಂದರು ಮೇಡಂ. "ಮಣ್ಣಿನಾಗ ಕಲತವ್ರು ಇದಕ್ಕೇ ಅಂಜ್ತಾರ. ನಾನೂ ಭಾಳ ಅಂಜಿದ್ದೆ. ಓಡೂದು ಮಣ್ಣಿನಾಗ, ಹಿಡಿಯೂದು ಇಲ್ಲಿ, ತಿಳೀತಾ? ಆದ್ರ ಆಯಿ ಕಲ್ಲು ಮೊದಲ ವಾಪಸ್ ಹಾಕ್ರಿ."

"ಕೊಟ್ಟಿದ್ದು ತಿರುಗಿ ಇಸಗೊಳ್ಳೂ ಮನಿ ಅಲ್ಲ ನಂದು!" ಬೇಲಿಯಾಚೆಯಿಂದ ಆಯಿ ಗದರಿದಳು.

"ಹಂಗಾದ್ರ ನಿಮ್ಮ ಮನ್ಯಾಗ ನನಗೊಂದು ಖೋಲಿ ಕೊಡ್ರಿ. ಅಂಗಳ ನಾ ಸಾರಸ್ತೀನಿ."

"ಸಾರಸಲಿಕ್ಕಿ ಬರ್ತದೇನು ನಿನಗ?"

"ಕಲಸ್ರಿ."

ಸರಿತಾ ಸ್ಟಿಕ್ ಬಿಟ್ಟು ನನ್ನ ರಟ್ಟೆ ಹಿಡಿದಳು. "ಅಣ್ಣಾ, ಅನೌನ್ಸ್ ಮಾಡು!"

ಮೂಗು ಹಿಡಿದೆ. ಮೈಕಿನ ಹೆಣ್ಣು ಬರಲಿಲ್ಲ. ಪುಢಾರಿಯೂ ಬರಲಿಲ್ಲ. "ಮೇಡಂ ಸಂಜಿ ಗಾಡಿಗೆ ಹೋಗಂಗಿಲ್ಲಂತ" ಎಂದೆ, ಮೂಗಿನಿಂದ ಕೈ ತೆಗೆದು.

ಗುಲಾಮ್ ರಸೂಲ್ ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದ್ಯಾರ ದನಿ ತಗದಿಯೋ? ಗುರ್ತೇ ಹತ್ತಲಿಲ್ಲ."