ಕುರ್ಚಿ ಮಾತ್ರ ಸ್ವಲ್ಪ ಗಟ್ಟಿ

ನಮ್ಮ ಆಫೀಸಿನ ಬಾಗಿಲ ಮೇಲೆ 'ರೋಗಿಗಳ ಸ್ವತಂತ್ರ ದನಿ' ಎಂದು ಬರೆದಿದೆ. ಕೆಳಗೆ ಟೈರ್ ಅಂಗಡಿ, ಮೇಲೆ ನಾವು ನಾಲ್ಕು ಜನ. ಯಾವ ಕಣ್ಣಾಸ್ಪತ್ರೆ ಒಳ್ಳೆಯದು ಎಂದು ಜನ ನಮ್ಮ ವೆಬ್‌ಸೈಟಿನಲ್ಲಿ ಹುಡುಕುತ್ತಾರೆ. ಅಲ್ಲಿ ಹತ್ತು ಆಸ್ಪತ್ರೆಗಳ ಪಟ್ಟಿ ಇದೆ. ಮೊದಲನೆಯ ಹೆಸರು ಎಂದೂ ಬದಲಾಗುವುದಿಲ್ಲ. ಹೇಗೆ ಬದಲಾದೀತು? ವೆಬ್‌ಸೈಟು ಆ ಆಸ್ಪತ್ರೆಯದ್ದೇ. ನಾವು ಕೂರುವ ಕುರ್ಚಿಗಳೂ ಅಲ್ಲಿ ರೋಗಿಗಳು ಕಾಯುವ ಹಾಲಿನಿಂದ ಬಂದ ಹಳೆಯವು.

ನನ್ನ ಕೆಲಸ ರೋಗಿಯಾಗುವುದು, ದಿನಕ್ಕೆ ಎಂಟು ಸಲ. ಬೆಳಿಗ್ಗೆ ನಿವೃತ್ತ ಮೇಷ್ಟ್ರು, ಊಟದ ಹೊತ್ತಿಗೆ ಲಾರಿ ಡ್ರೈವರ್, ಸಂಜೆ ಮೂರು ಮಕ್ಕಳ ತಾಯಿ. ನನ್ನ ಕಣ್ಣಿಗೇನೂ ಆಗಿಲ್ಲ, ಎಲ್ಲ ಚೆನ್ನಾಗಿ ಕಾಣುತ್ತದೆ. ಸಂಪಾದಕರು ಎಂದು ಕರೆಸಿಕೊಳ್ಳುವ ನಮ್ಮ ಸಾಹೇಬರದು ಒಂದೇ ನಿಯಮ: "ಬರೀ ಹೊಗಳಿದ್ರೆ ಯಾರೂ ನಂಬಲ್ಲಮ್ಮ. ಮಧ್ಯೆ ಒಂದು ಸಣ್ಣ ಗೊಣಗಾಟ ಇರ್ಲಿ."

ಒಮ್ಮೆ ಏನೂ ಹೊಳೆಯದೆ ನನ್ನ ಚಿಕ್ಕಮ್ಮನನ್ನೇ ಎತ್ತಿ ಹಾಕಿದೆ. ಚಿಕ್ಕಮ್ಮ ಟೈಲರ್. ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಕೂರಿಸಿಕೊಂಡೇ ನನ್ನನ್ನು ಸಾಕಿದವಳು. ಮೊಬೈಲು ಕೆಳಗಿಡು ಎಂದು ಗದರುವಾಗ ಅವಳು ಹೇಳುವ ಮಾತನ್ನೇ ಇಳಿಸಿದೆ: "ನಾನು ಟೈಲರ್. ಬಟ್ಟೆ ಕೆಟ್ರೆ ಬಿಚ್ಚಿ ಹೊಲೀಬಹುದು, ಕಣ್ಣು ಕೆಟ್ರೆ ಬಿಚ್ಚೋಕಾಗತ್ತಾ? ಅದಕ್ಕೇ ವಿಚಾರಿಸಿ ಇಲ್ಲಿಗೆ ಬಂದೆ. ಈಗ ದಾರ ಒಂದೇ ಸಲಕ್ಕೆ ಸೂಜಿಯೊಳಗೆ. ಕಾಯೋ ಕಡೆ ಕುರ್ಚಿ ಮಾತ್ರ ಸ್ವಲ್ಪ ಗಟ್ಟಿ." ಐದಕ್ಕೆ ಐದು ನಕ್ಷತ್ರ ಕೊಟ್ಟೆ. ಆ ಆಸ್ಪತ್ರೆಯ ಬಗ್ಗೆ ಬರೆದದ್ದರಲ್ಲಿ ನಿಜವಾದದ್ದು ಕುರ್ಚಿಯೊಂದೇ. ಸಂಪಾದಕರು ಭೇಷ್ ಎಂದು ಅದನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದರು.

ಮನೆಯಲ್ಲಿ ನಾನು 'ಕಂಪ್ಯೂಟರ್ ಕೆಲಸ' ಎಂದಷ್ಟೇ ಹೇಳಿದ್ದೆ. ಎರಡು ತಿಂಗಳ ಹಿಂದೆ ಚಿಕ್ಕಮ್ಮ ಫೋನ್ ಮಾಡಿದಳು. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು. ನಾನು ಗಾಬರಿಯಾಗುತ್ತೇನೆಂದು ಮೊದಲೇ ತಿಳಿಸಿರಲಿಲ್ಲವಂತೆ. ಯಾವ ಆಸ್ಪತ್ರೆ ಎಂದು ಕೇಳಿದರೆ, ನಮ್ಮ ಪಟ್ಟಿಯ ಮೊದಲನೆಯ ಹೆಸರನ್ನೇ ಹೇಳಿದಳು.

"ಸುಮ್ನೆ ಹೋಗ್ಲಿಲ್ಲ ಕಣೇ, ಎಲ್ಲಾ ಓದಿಯೇ ಹೋಗಿದ್ದು. ಯಾರೋ ಟೈಲರಮ್ಮ ಬರೆದಿದಾಳೆ, ಥೇಟ್ ನನ್ನ ಹಾಗೇ ಮಾತಾಡ್ತಾಳೆ. ಕುರ್ಚಿ ಗಟ್ಟಿ ಅಂತಾನೂ ಹೇಳಿದಾಳೆ. ಸುಳ್ಳು ಬರೆಯೋಳಾಗಿದ್ರೆ ಅದನ್ಯಾಕೆ ಬರೀತಿದ್ಳು?"

ನಾನು ಹೂಂ ಎಂದೆ.

ವಾರದೊಳಗೆ ಆ ಕಣ್ಣು ಕೆಂಪಾಗಿ ಮಬ್ಬಾಯಿತು. ಮೂರು ಸಲ ಹೋದಳು. ಮೂರು ಸಲವೂ "ಸರಿಹೋಗುತ್ತೆ" ಎಂದು ಕಣ್ಣಿಗೆ ಬಿಡುವ ಔಷಧಿ ಕೊಟ್ಟು ಕಳಿಸಿದರು. ಕೊನೆಗೆ ಬೇರೆ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಸೋಂಕು ಒಳಗೆ ಇಳಿದಿದೆ, ತಡವಾಯಿತು, ಹೋದ ದೃಷ್ಟಿ ಬರುವುದಿಲ್ಲ ಎಂದರು. ಇನ್ನೊಂದು ಕಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಭಾನುವಾರ ಅವಳ ಮನೆಗೆ ಹೋದಾಗ ಮೆಷಿನ್ನಿನ ಮೇಲೆ ಅರ್ಧ ಹೊಲಿದ ಅಂಗಿಯೊಂದಿತ್ತು. ಹೊಲಿಗೆ ಸೊಟ್ಟಗೆ ಓಡಿತ್ತು. ಅವಳ ಕೈಯಿಂದ ಅಂಥ ಹೊಲಿಗೆ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

"ನಾನು ಹೇಳ್ತೀನಿ, ನೀನು ಬರ್ಕೋ. ಆ ಟೈಲರಮ್ಮನ ಕೆಳಗೇ ಹಾಕು. ಇದನ್ನ ಓದಿ ಇನ್ಯಾರೂ ಅಲ್ಲಿಗೆ ಹೋಗ್ಬಾರ್ದು."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ನನ್ನತ್ತ ಎಂದುಕೊಂಡು ಪಕ್ಕದ ಗೋಡೆಯತ್ತ ಮುಖ ತಿರುಗಿಸಿದಳು. ಅವಳು ಹೇಳಿದ್ದನ್ನು ಹೇಳಿದಂತೆ ಟೈಪ್ ಮಾಡಿದೆ. ಶುರುವಾದದ್ದೇ "ನಾನು ಟೈಲರ್. ಬಟ್ಟೆ ಕೆಟ್ರೆ ಬಿಚ್ಚಿ ಹೊಲೀಬಹುದು" ಎಂದು.

ಮಾರನೆಯ ದಿನ ಅದು ನನ್ನ ಟೇಬಲ್ಲಿಗೇ ಬಂತು, ಕೆಂಪು ಪಟ್ಟಿಯೊಂದಿಗೆ. 'ಹಳೆಯ ಅಭಿಪ್ರಾಯದ ಮಾತುಗಳನ್ನು ಕದ್ದಿದೆ, ನಕಲಿ ಇರಬಹುದು' ಎಂದಿತ್ತು ಕಂಪ್ಯೂಟರ್. ಕದ್ದವಳು ನಾನು, ಕಳ್ಳಿಯಾದವಳು ಚಿಕ್ಕಮ್ಮ.

"ಸರ್, ಇದು ನನ್ನ ಚಿಕ್ಕಮ್ಮ. ನಿಜವಾಗ್ಲೂ ಇದಾಳೆ. ನಾನು ಬರೆದಿದ್ದನ್ನ ತೆಗೀರಿ."

ಸಂಪಾದಕರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರೇನಲ್ಲ, ಅದಕ್ಕೇ ನನಗೆ ಇನ್ನೂ ಉರಿಯುತ್ತದೆ. "ಛೇ, ಪಾಪ. ಆದ್ರೆ ಒಂದೇ ಥರದ್ದು ಎರಡು ಇಡೋ ಹಾಗಿಲ್ಲಮ್ಮ. ನಿಂದನ್ನ ಆರು ಸಾವಿರ ಜನ ಓದಿದಾರೆ." ಹಾಗೆಂದವರೇ ನನ್ನ ಭುಜದ ಮೇಲಿಂದ ಬಾಗಿ ಚಿಕ್ಕಮ್ಮನದನ್ನು ಅಳಿಸುವ ಗುಂಡಿ ಒತ್ತಿದರು. ಬೇರೆ ಕಡೆ ಹಾಕೋಣವೆಂದರೆ, ಜನ ನೋಡುವ ಇನ್ನೆರಡು ಸೈಟುಗಳೂ ಇದೇ ಟೇಬಲ್ಲಿನಿಂದಲೇ ಓಡುತ್ತವೆ.

ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂತು.

"ಬಂತೇನೇ ನಂದು? ಆಗ್ಲಿಂದ ಹುಡುಕ್ತಾ ಇದೀನಿ. ಈ ಹಾಳು ಕಣ್ಣಿಗೇ ಕಾಣ್ತಿಲ್ವೇನೋ, ನೀನು ನೋಡಿ ಹೇಳು."

ಪರದೆಯ ಮೇಲೆ ನನ್ನ ಟೈಲರಮ್ಮನೂ ಅವಳ ಐದು ನಕ್ಷತ್ರಗಳೂ ಮಾತ್ರ ಇದ್ದವು.

"ಬಂದಿದೆ ಚಿಕ್ಕಮ್ಮ," ಎಂದೆ.

"ಓದು ನೋಡೋಣ."

ಓದಿದೆ. ನೋಡುವ ಅಗತ್ಯವೇ ಇರಲಿಲ್ಲ, ಅವಳು ಬರೆಸಿದ್ದ ಒಂದೊಂದು ಮಾತೂ ಬಾಯಿಗೆ ಬರುತ್ತಿತ್ತು. ಅವಳು ಮಧ್ಯೆ ಮಧ್ಯೆ ಹೂಂಗುಟ್ಟುತ್ತಾ ಕೊನೆಯವರೆಗೂ ಕೇಳಿದಳು.

"ಸದ್ಯ," ಎಂದಳು. "ಇನ್ನು ಯಾರೂ ಹೋಗಲ್ಲ ಬಿಡು."