ಕಿವಿಗೆ ಬೀಳದ ಪೆಟ್ಟಿಗೆ

ನನ್ನ ಮಗಳು ಕಂಪ್ಯೂಟರ್ ಕಟ್ಟುತ್ತಾಳೆ. ಅಂಗಡಿಯಲ್ಲಿ ಸಿಗುವಂಥವಲ್ಲ, ಸದ್ದು ಮಾಡದವು, ಕರೆಂಟನ್ನು ಚಮಚದಲ್ಲಿ ಕುಡಿಯುವವು. ಮನೆಮಂದಿಯ ಫೋಟೋ, ಹಾಡು, ಕಾಗದಪತ್ರವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂರುವ ಪುಟ್ಟ ಪೆಟ್ಟಿಗೆಗಳು. ಅವಕ್ಕೆ ಫ್ಯಾನ್ ಇಲ್ಲ, ಒಳಗೆ ತಿರುಗುವ ಡಿಸ್ಕ್ ಇಲ್ಲ. ಬಿಸಿಯನ್ನು ಪೆಟ್ಟಿಗೆಯ ಮೈಯೇ ಹೀರಿ ಹೊರಗೆ ಬಿಡಲೆಂದು ಅಲ್ಯೂಮಿನಿಯಂ ಹೊದಿಕೆಯ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಪಟ್ಟಿಗಳಿರುತ್ತವೆ. ಕೈಯಿಟ್ಟರೆ ಆಗಷ್ಟೆ ಜ್ವರ ಬಿಟ್ಟ ಮಗುವಿನ ಹಣೆಯಷ್ಟು ಬೆಚ್ಚಗೆ.

ಮೊದಲು ಅವಳ ಕೆಲಸ ನೂರಾರು ಯಂತ್ರಗಳು ಹಗಲೂ ರಾತ್ರಿ ಮೊರೆಯುವ ಕೋಣೆಯೊಂದರಲ್ಲಿತ್ತು. ಅಲ್ಲಿ ಅವಳ ಕಿವಿ ಮಂದವಾಯಿತು. ಮಾತು ಕೇಳುತ್ತದೆ, ಬಾಗಿಲು ಬಡಿದರೆ ಕೇಳುತ್ತದೆ, ತೆಳ್ಳಗಿನ ಸದ್ದುಗಳು ಮಾತ್ರ ಅವಳ ಪಾಲಿಗೆ ಇಲ್ಲವಾದವು. ಹಕ್ಕಿಯ ಕೊಕ್ಕು ಆಡುವುದು ಕಾಣುತ್ತದೆ, ಕೂಗು ಕೇಳುವುದಿಲ್ಲ ಎಂದು ಒಮ್ಮೆ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಹಾಗಾಗಿ ಕೈ ಅವಳದು, ಕಿವಿ ನನ್ನದು. ಅವಳು ಹುಟ್ಟಿದಂದಿನಿಂದ ನನಗೆ ಕೋಳಿನಿದ್ದೆ. ತೊಟ್ಟಿಲಲ್ಲಿ ಅವಳು ಮಗ್ಗುಲು ಬದಲಿಸಿದರೂ ಎಚ್ಚರವಾಗುತ್ತಿತ್ತು. ತೊಟ್ಟಿಲು ಅಟ್ಟ ಸೇರಿದರೂ ಆ ಎಚ್ಚರ ನನ್ನಲ್ಲೇ ಉಳಿಯಿತು. ಕಟ್ಟಿ ಮುಗಿಸಿದ ಪೆಟ್ಟಿಗೆಯನ್ನು ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ನನ್ನ ದಿಂಬಿನ ಪಕ್ಕ ಇಟ್ಟು ಓಡಿಸುತ್ತಾಳೆ. ನನಗೆ ಜೊಂಪು ಹತ್ತಿದರೆ ಪೆಟ್ಟಿಗೆ ಗಿರಾಕಿಯ ಮನೆಗೆ ಹೋಗುತ್ತದೆ. ಎಚ್ಚರವಾದರೆ ಅವಳ ಮೇಜಿಗೆ ವಾಪಸ್ಸು.

"ಇನ್‌ಸ್ಪೆಕ್ಟರಮ್ಮ, ಪಾಸಾ ಫೇಲಾ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಾಳೆ.

"ಅದು ಪಾಸು. ನೀನು ಫೇಲು. ಹಾಗೆ ಉಸಿರು ಬಿಡ್ತಾ ನಿಂತ್ರೆ ನಿದ್ದೆ ಎಲ್ಲಿಂದ ಬರ್ಬೇಕು?"

ನಾವು ಪಿಸುಮಾತಿನವರು ಎಂದು ಹೆಸರಿಟ್ಟಿದ್ದ ಗಿರಾಕಿ ಬಂದದ್ದು ಇಂಥ ದಿನಗಳಲ್ಲೇ. ಐವತ್ತು ದಾಟಿದ ಗಂಡಸು, ಇಸ್ತ್ರಿ ಮುರಿಯದ ಅಂಗಿ. ಮಾತಾಡಿದರೆ ಎದುರಿನವರೇ ಮುಂದಕ್ಕೆ ಬಾಗಬೇಕು, ಅಷ್ಟು ಮೆಲ್ಲಗೆ. ಮೊದಲ ಪೆಟ್ಟಿಗೆ ಕೊಂಡೊಯ್ದ ಮೇಲೆ ಒಂದೊಂದೇ ತಿದ್ದುಪಡಿ ಹೇಳಲು ಬರತೊಡಗಿದರು. ಮುಂದಿನ ಸಣ್ಣ ದೀಪ ಬೇಡ. ಇನ್ನೂ ತೆಳ್ಳಗಾಗಬೇಕು. ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ತುಂಬಲು ಮೈಕಿನ ಕಿಂಡಿಯೊಂದು ಬೇಕು. ಸದ್ದು ಬಂದಾಗ ಮಾತ್ರ ಅದು ಎದ್ದು ಆ ಸದ್ದನ್ನು ಒಳಗೆ ಬರೆದುಕೊಳ್ಳಲಿ, ಇಲ್ಲದಾಗ ಮಲಗಿರಲಿ, ಕರೆಂಟೂ ಉಳಿಯುತ್ತದೆ. ಆದರೆ ಬರೆದುಕೊಂಡದ್ದರಲ್ಲಿ ಹಾಡುವವರ ಉಸಿರು ಕೂಡ ಬಿಟ್ಟುಹೋಗಬಾರದು. ಮಗಳಿಗೆ ಇಂಥ ಸವಾಲೆಂದರೆ ಹಬ್ಬ. ಊಟ ತಣ್ಣಗಾದರೂ ಎದ್ದು ಬರುತ್ತಿರಲಿಲ್ಲ.

ಒಂದು ದಿನ ಅವರು ಕೂತಿದ್ದಾಗ ನಾನು ಚಹಾ ತಂದೆ. ಮೇಜಿನ ಮೇಲೆ ಪೆಟ್ಟಿಗೆಯೊಳಗೆ ಕೂರಿಸುವ ಹೊಸ ಬೋರ್ಡೊಂದು ಪರೀಕ್ಷೆಗೆಂದು ಸದ್ದು ಬರೆದುಕೊಳ್ಳುತ್ತ ಓಡುತ್ತಿತ್ತು. ಅದರ ಯಾವುದೋ ಸುರುಳಿಯಿಂದ ಸೂಜಿಯಂಥ ಕೀರಲು ಸದ್ದು ಹೊರಡುತ್ತಿತ್ತು.

"ಪುಟ್ಟೀ, ಅದನ್ನ ಆರಿಸೇ. ಹಲ್ಲು ಜುಮ್ಮೆನ್ನುತ್ತೆ."

ಪಿಸುಮಾತಿನವರು ಸುತ್ತ ನೋಡಿದರು. "ಯಾವುದನ್ನ?"

"ಅಮ್ಮನಿಗೆ ಮಾತ್ರ ಕೇಳೋ ಸದ್ದು ಅದು," ಎಂದು ಮಗಳು ಬೋರ್ಡಿನ ವೈರು ಕಿತ್ತಳು.

ಅವರು ಲೋಟ ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿದರು. "ಓ, ಆ ಕಿವಿ ನೀವೇನಾ? ನಮ್ಮ ಮನೆಯವರದೂ ಹೀಗೇ. ಎಲೆ ಬಿದ್ರೂ ಏಳ್ತಾರೆ. ಹೇಳಿ, ಎಂಥ ಸದ್ದಿಗೆ ಎಚ್ಚರ ಆಗುತ್ತೆ ನಿಮಗೆ? ಎಂಥದಕ್ಕೆ ಆಗಲ್ಲ?"

ನನ್ನ ಕಿವಿಯ ಬಗ್ಗೆ ಅಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲ. ಒಂದೇ ಸಮನೆ ಇರುವ ಸದ್ದಿಗೆ ಏಳುವುದಿಲ್ಲ, ಶುರುವಾಗಿ ನಿಂತರೆ ಏಳುತ್ತೇನೆ ಎಂದೆ. ದಿಂಬಿನ ಬಳಿಯದ್ದಕ್ಕಿಂತ ಮಂಚದ ಕಟ್ಟಿಗೆಯಲ್ಲಿ ಹರಿದು ಬರುವ ಸದ್ದು ಬೇಗ ಮುಟ್ಟುತ್ತದೆ ಎಂದೂ ಹೇಳಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು.

"ಹಾಗಾದ್ರೆ ಅಡಿಯಲ್ಲಿ ಸ್ವಲ್ಪ ಮೆತ್ತೆ ಕೊಡಬೇಕು," ಎಂದು ಮಗಳಿಗೆ ಹೇಳಿದರು.

"ಅವರ ರೂಮಲ್ಲಿ ಇಡ್ತೀರಾ ಇದನ್ನ?" ಎಂದು ಕೇಳಿದೆ.

"ಛೆ, ಇಲ್ಲ. ನನ್ನ ಓದೋ ಕೋಣೇಲಿ, ಪುಸ್ತಕದ ಕಪಾಟಿನ ಮೇಲೆ."

ಪೆಟ್ಟಿಗೆ ಪಾಸಾಯಿತು. ಬಟ್ಟೆಯಲ್ಲಿ ಸುತ್ತಿ ಅವರೇ ಒಯ್ದರು. ವಿಳಾಸ ಕೊಡುವ ಪದ್ಧತಿ ಅವರಿಗಿರಲಿಲ್ಲ. ಬರುವುದು, ಒಯ್ಯುವುದು ಎಲ್ಲ ತಾವೇ.

ಕೆಲವು ತಿಂಗಳು ಕಳೆದು ಅದೇ ಪೆಟ್ಟಿಗೆಯನ್ನು ಹಿಡಿದು ಬಂದರು. ತುಂಬಿಹೋಗಿದೆಯಂತೆ. ಇನ್ನೂ ದೊಡ್ಡ ಜಾಗದ ಹೊಸದೊಂದು ಮಾಡಿ, ಹಳೆಯದರಲ್ಲಿ ಇರುವುದನ್ನು ಅದಕ್ಕೆ ಹಾಕಿಕೊಡಬೇಕು.

"ಅಷ್ಟೊಂದು ಹಾಡಾ ಸಾರ್?" ಎಂದಳು ಮಗಳು.

"ಹಾಡು ಮುಗಿಯೋದೇ ಇಲ್ಲಮ್ಮ," ಎಂದರು ಅವರು.

ಹಳೆಯ ಪೆಟ್ಟಿಗೆ ಬಂದರೆ ಧೂಳು ತೆಗೆಯುವುದು ನನ್ನ ಕೆಲಸ. ಪಟ್ಟಿಗಳ ನಡುವೆ ಹಳೆಯ ಹಲ್ಲುಜ್ಜುವ ಬ್ರಷ್ಷು ಆಡಿಸಿ, ಕಾಗದದ ಮೇಲೆ ಕೊಡವುತ್ತೇನೆ. ಅಡುಗೆಮನೆಯಲ್ಲಿದ್ದ ಪೆಟ್ಟಿಗೆಯ ಧೂಳಿಗೆ ಎಣ್ಣೆಯ ಜಿಗುಟು. ಬೆಕ್ಕಿರುವ ಮನೆಯದರಲ್ಲಿ ಬೆಕ್ಕಿನ ರೋಮ. ಪುಸ್ತಕದ ಕಪಾಟಿನ ಧೂಳು ಒಣಗಿದ ಬೂದಿಯಂತೆ ಉದುರುತ್ತದೆ. ಇದು ಉದುರಲಿಲ್ಲ. ಹಾಸಿಗೆಯ ಹತ್ತಿಯ ಎಳೆ ಉಂಡೆಗಟ್ಟಿ ಪಟ್ಟಿಗಳ ಸಂದಿಯಲ್ಲಿ ಸೇರಿಕೊಂಡಿತ್ತು. ಬ್ರಷ್ಷಿಗೆ ಸುತ್ತಿಕೊಂಡು ಉದ್ದನೆಯ ಕೂದಲು ಬಂದವು, ಅರ್ಧ ಕಪ್ಪು, ಬುಡದಲ್ಲಿ ಬಿಳಿ. ಕಾಗದದಿಂದ ಮೆಲ್ಲಗೆ ಪೌಡರಿನ ವಾಸನೆ ಎದ್ದಿತು. ಒಬ್ಬ ಹೆಂಗಸು ಸ್ನಾನ ಮಾಡಿ, ಪೌಡರು ಹಚ್ಚಿಕೊಂಡು, ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತು. ಈ ಪೆಟ್ಟಿಗೆ ಇದ್ದದ್ದು ಆ ಮಂಚದ ಕೆಳಗೆ.

ಮಗಳನ್ನು ಕರೆದು ಕಾಗದ ತೋರಿಸಿದೆ. ಮೈಕಿನ ಕಿಂಡಿಯಲ್ಲೂ ಹತ್ತಿಯ ಎಳೆ ಇತ್ತು.

"ಇದು ಹಾಡು ಬರ್ಕೊಂಡಿಲ್ಲ ಪುಟ್ಟಿ. ಆಕೆಯ ಮಾತು ಬರ್ಕೊಂಡಿದೆ. ಮಂಚದ ಕೆಳಗಿಟ್ಟು, ಆಕೆಗೆ ಗೊತ್ತಾಗದ ಹಾಗೆ."

"ನಿನಗೆ ಹೇಗೆ ಗೊತ್ತಮ್ಮ? ಗಿರಾಕಿ ಎಲ್ಲಿಟ್ಕೋತಾರೆ ಅನ್ನೋದು ಅವರ ಇಷ್ಟ. ನಾವು ಒಳಗೆ ಇಣುಕಲ್ಲ, ಅದಕ್ಕೇ ಅಲ್ವಾ ಜನ ನಮ್ಮ ಹತ್ರ ಬರೋದು."

"ಇಣುಕು ಅಂತ ನಾನೂ ಹೇಳಲ್ಲ."

"ಇಣುಕೋಕೆ ಆಗೋದೂ ಇಲ್ಲ. ಒಳಗೆ ಅವರೇ ಪಾಸ್‌ವರ್ಡಿನ ಬೀಗ ಹಾಕಿದ್ದಾರೆ, ಬೀಗದ ಸಮೇತ ಹೊಸದಕ್ಕೆ ಹಾಕ್ಬಹುದು ಅಷ್ಟೇ." ಅವಳು ಕಾಗದದ ಮೇಲಿನ ಕೂದಲನ್ನು ನೋಡುತ್ತ ನಿಂತಳು. ಆಮೇಲೆ ಸ್ವರ ಇಳಿಯಿತು. "ದೀಪ ಬೇಡ ಅಂದ್ರು. ಮೆತ್ತೆ ಕೇಳಿದ್ರು. ನಾನು ಖುಷಿಯಿಂದ ಮಾಡ್ಕೊಟ್ಟೆ."

"ನಾನೂ ಅಷ್ಟೇ. ಮಂಚದ ಕಟ್ಟಿಗೆ ವಿಷಯ ಹೇಳ್ಕೊಟ್ಟೋಳು ನಾನೇ."

"ಕೆಲಸ ಆಗಲ್ಲ ಅಂತ ವಾಪಸ್ ಕೊಟ್ಬಿಡ್ತೀನಿ."

"ಇನ್ನೊಬ್ಬರು ಮಾಡ್ಕೊಡ್ತಾರೆ. ಆಕೆ ಎಲ್ಲಿದ್ದಾಳೆ ಅಂತ ನಮಗೆ ಗೊತ್ತಿಲ್ಲ, ಹೋಗಿ ಹೇಳೋಣ ಅಂದ್ರೆ." ನಾನು ಕಾಗದ ಮಡಚಿದೆ. "ಆಕೆಗೂ ನನ್ನಂಥದೇ ಕಿವಿ ಅಂದಿದ್ರಲ್ಲ. ಆ ಕೀರಲು ಬೋರ್ಡು ಇನ್ನೂ ಇದೆಯಾ?"

ಅವಳಿಗೆ ತಕ್ಷಣ ಅರ್ಥವಾಯಿತು. "ಅವರಿಗೆ ಗೊತ್ತಾದ್ರೆ?"

"ಆವತ್ತು ಅದರ ಎದುರೇ ಕೂತಿದ್ರು. ಯಾವುದನ್ನ ಅಂತ ಕೇಳಿದ್ರು."

ಆ ಬೋರ್ಡು ಬರೆದುಕೊಳ್ಳುವಾಗ ಮಾತ್ರ ಕೀರುತ್ತಿತ್ತು, ಮಲಗಿದಾಗ ಸುಮ್ಮನಿರುತ್ತಿತ್ತು. ಹೊಸ ಪೆಟ್ಟಿಗೆಯೊಳಗೆ ಅದನ್ನೇ ಕೂರಿಸಿದಳು. ಮುಚ್ಚಳದ ತಿರುಪು ಬಿಗಿದಳು.

ಒಯ್ಯಲು ಬಂದ ದಿನ ಪಿಸುಮಾತಿನವರು ಕಿಟಕಿ ಮುಚ್ಚಿಸಿದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು.

"ಏನಾದ್ರೂ ಮಾತಾಡಿ," ಎಂದರು ನನಗೆ.

"ಏನು ಮಾತಾಡ್ಲಿ?" ಎಂದೆ. ಮೊದಲ ಅಕ್ಷರಕ್ಕೇ ಪೆಟ್ಟಿಗೆ ಎದ್ದಿತು. ಆ ಕೀರಲು ನನ್ನ ಕಿವಿಯಿಂದ ಕಣ್ಣಿನ ಹಿಂಬದಿಗೆ ಹೋಯಿತು. ಮಾತು ನಿಲ್ಲಿಸಿದೆ, ಅದೂ ನಿಂತಿತು.

"ಏನಾದ್ರೂ. ಮನೆ ಕೆಲಸದ್ದು."

ಬಟ್ಟೆ ಒಣಗಿಲ್ಲ, ನಲ್ಲಿ ಸೋರುತ್ತದೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಪೆಟ್ಟಿಗೆ ನನ್ನೊಂದಿಗೆ ಹಾಡಿತು. ಅವರ ಕೆನ್ನೆ ಅದರ ಮೇಲೇ ಇತ್ತು. ಮುಚ್ಚಿದ ರೆಪ್ಪೆ ಒಮ್ಮೆಯೂ ಅದುರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸದ್ದು ಎಷ್ಟಿದೆಯೆಂದು ಅವಳಿಗೆ ತಿಳಿಯಲು ಇದ್ದ ದಾರಿ ಅದೊಂದೇ. ನಾನು ಮುಖ ಕದಲಿಸಲಿಲ್ಲ.

ಅವರು ಕಣ್ಣು ಬಿಟ್ಟರು. "ನಿಮಗೆ?"

"ಏನೂ ಇಲ್ಲ," ಎಂದೆ.

"ಕಲ್ಲಿನ ಹಾಗಿದೆ," ಎಂದು ಮಗಳನ್ನು ಹೊಗಳಿ ಹೋದರು.

ಆಕೆ ಕೇಳಿಸಿಕೊಳ್ಳುತ್ತಾಳೆ, ಹುಡುಕುತ್ತಾಳೆ, ಮಂಚದ ಕೆಳಗೆ ಬಗ್ಗಿ ನೋಡುತ್ತಾಳೆ. ನಾನು ಲೆಕ್ಕ ಹಾಕಿದ್ದು ಅಷ್ಟೇ. ಅಲ್ಲಿಂದ ಮುಂದಕ್ಕೆ ನನ್ನ ಬುದ್ಧಿ ಓಡಿರಲಿಲ್ಲ.

ಆಮೇಲೊಂದು ಬೆಳಗ್ಗೆ ಬಟ್ಟೆ ಹರವುತ್ತಿದ್ದೆ. ಪಿಸುಮಾತಿನವರು ಗೇಟಿನ ಬಳಿ ನಿಂತಿದ್ದರು. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ.

"ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಿತ್ತು. ನಮ್ಮ ಮನೆಯವರಿಗೆ ಹುಷಾರಿಲ್ಲ. ಕೋಣೇಲಿ ಸೊಳ್ಳೆ ಕೂಗುತ್ತೆ ಅಂತಾರೆ. ತಾನು ಮಾತಾಡಿದ್ರೆ ಕೂಗುತ್ತಂತೆ, ಸುಮ್ಮನಾದ್ರೆ ನಿಲ್ಲುತ್ತಂತೆ. ಈಗ ಮಾತೇ ಬಿಟ್ಟಿದ್ದಾರೆ." ಅವರು ನಿಟ್ಟುಸಿರುಬಿಟ್ಟರು, ಅದೂ ಮೆಲ್ಲಗೆ. "ನಾನೂ ಕಿವಿಗೊಟ್ಟು ನೋಡ್ದೆ. ಏನೂ ಇಲ್ಲ. ಡಾಕ್ಟರು ಅಡ್ಮಿಟ್ ಮಾಡಿ ಅಂತಿದ್ದಾರೆ. ಇವರು ಒಪ್ತಿಲ್ಲ."

ನನ್ನ ಕೈಯಲ್ಲಿದ್ದ ಬಟ್ಟೆಯಿಂದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. "ಎಷ್ಟು ದಿನಕ್ಕೆ?"

"ಅದನ್ನ ಹೇಳೋಕಾಗಲ್ಲ. ನೀವು ನಮ್ಮ ಮನೆಗೆ ಬಂದಿದ್ರಿ, ಕೋಣೆಯೆಲ್ಲ ಕೇಳಿ ನೋಡಿದ್ರಿ, ಎಂಥ ಸದ್ದೂ ಇಲ್ಲ ಅಂತ ಅವರ ಎದುರು ಒಂದು ಮಾತು ಹೇಳಿದ್ರೆ ಸಾಕು, ಕಾರಲ್ಲೇ ಇದ್ದಾರೆ. ಹೆಂಗಸರು ಹೇಳಿದ್ರೆ ನಂಬ್ತಾರೆ. ಪೆಟ್ಟಿಗೆ ವಿಷಯ ಬೇಡ. ಯಂತ್ರ ಅಂದ್ರೆ ಭಯ ಅವರಿಗೆ."

ಕಾರು ರಸ್ತೆಯಾಚೆ ನಿಂತಿತ್ತು, ಅವರ ಹಿಂದೆ ಹೋದೆ. ಹಿಂದಿನ ಸೀಟಿನಲ್ಲಿ ಆಕೆ. ಹೆಚ್ಚುಕಡಿಮೆ ನನ್ನ ವಯಸ್ಸು. ಬಿಗಿಯಾಗಿ ಬಾಚಿದ ತಲೆ, ಬೈತಲೆಯ ಉದ್ದಕ್ಕೂ ಬಿಳಿಯ ಗೆರೆ. ಮಡಿಲಲ್ಲಿ ಸಣ್ಣ ಚೀಲವೊಂದನ್ನು ಎರಡೂ ಕೈಯಿಂದ ಹಿಡಿದಿದ್ದರು. ಪಿಸುಮಾತಿನವರು ಮುಂದಿನ ಬಾಗಿಲಿಂದ ಕೈ ಹಾಕಿ ಹಿಂದಿನ ಕಿಟಕಿಯ ಗಾಜು ಇಳಿಸಿ, "ನಾನು ಹೇಳಿದ್ನಲ್ಲ, ಇವರೇ," ಎಂದರು.

ಆಕೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಸೆಯೂ ಇರಲಿಲ್ಲ. ತೀರ್ಪು ಏನೆಂದು ಮೊದಲೇ ಗೊತ್ತಿದ್ದು ಕೇಳಲು ಕೂತವರ ಹಾಗಿದ್ದರು.

"ಹೇಳಿ," ಎಂದರು ಪಿಸುಮಾತಿನವರು.

"ಸದ್ದು ಇದೆ ಅಕ್ಕ," ಎಂದೆ. "ನನಗೂ ಕೇಳಿಸಿದೆ. ನಿಮ್ಮ ಮಂಚದ ಕೆಳಗೆ ಒಂದು ಪೆಟ್ಟಿಗೆ ಇದೆ, ನೀವು ಮಾತಾಡಿದಾಗ ಅದು ಬರ್ಕೊಳ್ಳುತ್ತೆ. ಕಟ್ಟಿದ್ದು ನಾವೇ. ನಿಮ್ಮ ತಲೆ ಸರಿಯಾಗೇ ಇದೆ."

ಆಕೆ ಗಂಡನ ಕಡೆ ನೋಡಲಿಲ್ಲ. ಬಾಗಿಲ ಹಿಡಿಯನ್ನು ಎಳೆದರು. ತೆರೆಯಲಿಲ್ಲ. ಮತ್ತೆ ಎಳೆದರು. ಚಿಕ್ಕ ಮಕ್ಕಳು ಬೀಳದಿರಲೆಂದು ಹಾಕುವ ಬೀಗ. ಒಳಗಿನಿಂದ ಅದು ತೆರೆಯುವುದಿಲ್ಲ. ನಾನು ಹೊರಗಿನಿಂದ ತೆರೆದೆ.

"ಬಾಗಿಲು ಹಾಕಿ," ಎಂದರು ಪಿಸುಮಾತಿನವರು. ಸ್ವರ ಒಂದಿಷ್ಟೂ ಏರಿರಲಿಲ್ಲ. "ನಿಮ್ಮ ಮಗಳಿಗೆ ಈ ಊರಲ್ಲೇ ಕೆಲಸ ಮಾಡ್ಕೊಂಡು ಇರೋದಿದೆ ಅಲ್ವಾ?"

ಮಗಳು ಗೇಟು ದಾಟಿ ಬಂದದ್ದು ನನಗೆ ಗೊತ್ತಾಗಿರಲಿಲ್ಲ. ಪಕ್ಕದಲ್ಲಿ ನಿಂತು, "ಜೋರಾಗಿ ಹೇಳಿ ಸಾರ್, ನನಗೆ ಕಿವಿ ಮಂದ," ಎಂದಳು. ಎದುರುಮನೆಯ ಮುದುಕರು ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ಇತ್ತ ತಿರುಗಿದರು. ಪಿಸುಮಾತಿನವರು ಬಾಯಿ ಮುಚ್ಚಿದರು. ಆಕೆ ಇಳಿದು, ನನ್ನ ಒದ್ದೆ ಕೈ ಹಿಡಿದುಕೊಂಡರು.

ಒಳಗೆ ಬಂದು ಅಗುಳಿ ಹಾಕಿದೆವು. ಕುರ್ಚಿ ಕೊಟ್ಟರೆ ಆಕೆ ಕೂರಲಿಲ್ಲ. ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಓಡುತ್ತಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದರು. ತುಟಿ ಬಿಗಿಯಿತು. ಮಗಳು ಏನನ್ನೂ ಕೇಳದೆ ಹೋಗಿ, ಮೊದಲನೆಯದರ ವೈರು ಕಿತ್ತಳು. ಎರಡನೆಯದರದು ಕಿತ್ತಳು. ಗಿರಾಕಿಗಳ ಕೆಲಸ ಅರ್ಧಕ್ಕೆ ನಿಂತಿತು. ಮೇಜಿನ ಕೆಳಗಿನದು, ಬಾಗಿಲ ಮೇಲಿನದು, ತನ್ನ ಸ್ವಂತದ್ದು, ಎಲ್ಲವನ್ನೂ ಕಿತ್ತು ವೈರುಗಳನ್ನು ನೆಲದ ಮೇಲೆ ರಾಶಿ ಹಾಕಿದಳು. ನಮ್ಮ ಮನೆಯಲ್ಲಿ ಏನೂ ಬದಲಾದಂತೆ ಅನಿಸಲಿಲ್ಲ. ಓಡುವಾಗಲೂ ಅವು ಹೀಗೇ ಸದ್ದಿಲ್ಲದೆ ಇರುತ್ತಿದ್ದವಲ್ಲ.

ಆಕೆಗೂ ಹಾಗೇ ಅನಿಸಿರಬೇಕು. ಬಾಯಿ ತೆರೆಯಲಿಲ್ಲ.

ನಾನು ಅವರನ್ನು ಹಿತ್ತಿಲ ಬಟ್ಟೆಕಲ್ಲಿನ ಬಳಿ ಕರೆದುಕೊಂಡು ಹೋಗಿ, ಬಕೆಟ್ಟಿನ ಮೇಲಿನ ನಲ್ಲಿಯನ್ನು ಪೂರ್ತಿ ಬಿಟ್ಟೆ. ನೀರು ದಬದಬನೆ ಬಿದ್ದಿತು, ಯಾವ ಪೆಟ್ಟಿಗೆಗೂ ಮಾತು ಸಿಗದಷ್ಟು ಜೋರಾಗಿ. ಆಕೆ ಅದನ್ನೇ ನೋಡುತ್ತ ನನ್ನ ಹತ್ತಿರ ಸರಿದು, ಎಷ್ಟೋ ದಿನದಿಂದ ಬಳಸದ ಗಂಟಲಲ್ಲಿ ಹೇಳತೊಡಗಿದರು.

ಮುಂಬಾಗಿಲ ಬೆಲ್ಲು ಒತ್ತಿದ ಸದ್ದಾಯಿತು. ಒಮ್ಮೆ, ಬಹಳ ಮೆಲ್ಲಗೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ.

"ಹೇಳಿ ಅಕ್ಕ," ಎಂದೆ. ಬಕೆಟ್ಟು ತುಂಬಿ ನೀರು ಕಲ್ಲಿನ ಮೇಲೆ ಹರಿಯುತ್ತಿತ್ತು. ಯಾರೂ ನಲ್ಲಿ ನಿಲ್ಲಿಸಲಿಲ್ಲ.